ಆ ದಿನ ತುಲಾ ಎಂದೇ ಇತ್ತು

ಕಾಕು, ನಿಮ್ಮ ನೆನಪು ತಪ್ಪಿರಲಿಲ್ಲ. ಆ ಮಗುವಿನ ಜಾತಕದಲ್ಲಿ ಲಗ್ನ ತುಲಾ ಎಂದೇ ಕಂಪ್ಯೂಟರ್ ಪರದೆಯ ಮೇಲೆ ಬಂದಿತ್ತು. ನೀವು ನೋಡಿದಿರಿ. ನಿಮ್ಮ ಪಕ್ಕದಲ್ಲಿ ಕೂತು ನಾನೂ ನೋಡಿದೆ. ಕೈಯಿಂದ ಲೆಕ್ಕ ಹಾಕಿ ಕನ್ಯಾ ಎಂದು ಬರೆದವರು ನೀವು, ಮತ್ತು ನೀವು ಬರೆದದ್ದೇ ಸರಿಯಾಗಿತ್ತು. ಮುಂದಿನ ಭಾನುವಾರ ನಾನು ಅದನ್ನು ತಿರುಗಿಸಿ ಹೇಳಿದೆ. ಗೊತ್ತಿದ್ದೂ ಹೇಳಿದೆ.

ನಿಮಗೆ ಗೊತ್ತಿರುವ ಸಂಗತಿಗಳನ್ನೂ ಮೊದಲಿನಿಂದ ಬರೆಯುತ್ತಿದ್ದೇನೆ — ನಿಮ್ಮ ಮನೆಯವರೂ ಓದಲಿ, ನಮ್ಮಿಬ್ಬರ ಗುರುತಿಲ್ಲದವರೂ ಓದಲಿ ಎಂದು.

ಆಗ ನಾನು ಕೆಲಸಕ್ಕೆಂದು ಮರಾಠಿ ನಾಡಿಗೆ ಬಂದು, ಊರಂಚಿನ ವಾಕಡದಲ್ಲಿ ರೂಮು ಮಾಡಿಕೊಂಡಿದ್ದೆ. ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದು ಸದಾಶಿವ ಪೇಠಕ್ಕೆ ಬಂದು, ಕನ್ನಡದವರ ಸಂಘದ ಹಿಂದಿನ ಕೋಣೆಯಲ್ಲಿ ಮೇಜು ಹಾಕಿಕೊಂಡು ಕೂರುತ್ತಿದ್ದೆ. ಕಂಪ್ಯೂಟರ್ ಕೆಟ್ಟವರು, ಪಾಸ್‌ವರ್ಡ್ ಮರೆತವರು, ಮೊಮ್ಮಕ್ಕಳ ಫೋಟೋ ಕಳೆದುಕೊಂಡವರು ಬರುತ್ತಿದ್ದರು. ಬಿಟ್ಟಿ ಸೇವೆ. ಸೇವೆ ಎನ್ನುವ ಮಾತು ನನಗೆ ಆಗಲೂ ಇಷ್ಟವಿರಲಿಲ್ಲ. ನಿಜವಾಗಿ ನನಗೆ ಬೇಕಿದ್ದದ್ದು ಗೆಲುವು. ಹಳೆಯ ಲ್ಯಾಪ್‌ಟಾಪುಗಳಿಂದ ವಿಂಡೋಸ್ ತೆಗೆದು, ಅದರ ಜಾಗಕ್ಕೆ ಪುಕ್ಕಟೆ ಸಿಗುವ ಲಿನಕ್ಸ್ ಹಾಕಿ, "ನೋಡಿ, ಎಸೆಯಬೇಕು ಅಂದಿದ್ದಿರಲ್ಲ, ಈಗ ಓಡುತ್ತಿದೆ" ಎಂದು ಜನರಿಗೆ ತೋರಿಸುವುದರಲ್ಲಿ ಒಂದು ಸುಖವಿತ್ತು. ಮಂಡ್ಯದ ಕಾಲೇಜಿನಲ್ಲಿ ನನ್ನ ವರ್ಷಗಳೆಲ್ಲ ಚರ್ಚಾಸ್ಪರ್ಧೆಯಲ್ಲೇ ಕಳೆದಿದ್ದವು. ಚೀಟಿ ಎತ್ತಿದಾಗ ಪರ ಬರಲಿ ವಿರೋಧ ಬರಲಿ, ಬಂದ ಪಕ್ಷವನ್ನು ಗೆಲ್ಲಿಸುವುದು ನನಗೆ ಅಭ್ಯಾಸವಾಗಿತ್ತು. ಯಾವುದು ನಿಜ ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ.

ನೀವು ಬಂದದ್ದು ನಿಮ್ಮ ಯಜಮಾನರ ಕಾಲದ ಲ್ಯಾಪ್‌ಟಾಪ್ ಹಿಡಿದುಕೊಂಡು. ಅಲ್ಲಿ ಎಲ್ಲರೂ ನಿಮ್ಮನ್ನು ಮರಾಠಿಯವರಂತೆ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು; ನಾನೂ ಹಾಗೇ ಕರೆದೆ. ಅದರಲ್ಲಿ ಅವರು ಹಾಕಿಸಿದ್ದ ಜಾತಕದ ಪ್ರೋಗ್ರಾಂ ಇತ್ತು. ವಿಂಡೋಸ್ ಬಿಟ್ಟರೆ ಬೇರೆಲ್ಲೂ ಓಡದ್ದು. ನಾನು ಓಡಿಸುತ್ತೇನೆ ಎಂದೆ. ವೈನ್ ಎಂಬ ಒಂದು ಏರ್ಪಾಟಿದೆ, ಅದು ಲಿನಕ್ಸಿನೊಳಗೆ ಕೂತು, ವಿಂಡೋಸ್ ಪ್ರೋಗ್ರಾಂ ಏನು ಕೇಳಿದರೂ ತಾನೇ ವಿಂಡೋಸ್ ಎಂಬಂತೆ ಉತ್ತರ ಕೊಡುತ್ತದೆ ಎಂದು ವಿವರಿಸಿದೆ.

"ಜಾತಕ ಬರಿಯೋ ಯಂತ್ರಕ್ಕ ವೈನ್ ಕುಡಸ್ತೀ ಏನವಾ? ನಮ್ಮನಿ ರಾಯರು ಏನಂದಾರು?" ಎಂದಿರಿ. ಕೋಣೆಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಆಮೇಲೆ ಪ್ರತಿ ಭಾನುವಾರ ನಾವಿಬ್ಬರೂ ಜಗಳವಾಡಿದೆವು. ಒಂದೇ ಆಸ್ಪತ್ರೆಯಲ್ಲಿ ಒಂದೇ ಗಳಿಗೆಯಲ್ಲಿ ಹುಟ್ಟಿದ ಇಬ್ಬರಲ್ಲಿ ಒಬ್ಬ ಬದುಕಿ ಒಬ್ಬ ಸತ್ತರೆ ನಿಮ್ಮ ಗ್ರಹಗಳು ಏನು ಮಾಡುತ್ತಿದ್ದವು ಎಂದು ನಾನು ಕೇಳುವುದು, ನೀವು ನಗುವುದು. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು ನೀವು. ಭವಿಷ್ಯ ಹೇಳುವ ಗೋಜಿಗೆ ನೀವು ಹೋಗುತ್ತಲೇ ಇರಲಿಲ್ಲ. "ಫಲ ಹೇಳೂದು ನನ್ನ ಕೆಲಸ ಅಲ್ಲ. ಆ ಹೊತ್ತಿಗೆ ಆಕಾಶ ಹೆಂಗಿತ್ತು, ಅಷ್ಟ ಬರದು ಕೊಡ್ತೀನಿ. ನಂಬೂದು ಬಿಡೂದು ನಿಮ್ಮ ಕಡೆ ಇರಲಿ, ಲೆಕ್ಕ ಮಾತ್ರ ಸರಿ ಇರಬೇಕು," ಎನ್ನುತ್ತಿದ್ದಿರಿ. ಆಕಾಶ ಹೇಗಿತ್ತು ಎನ್ನುವುದು ಖಗೋಳ. ಅದರ ಮೇಲೆ ನನ್ನ ತಕರಾರು ನಡೆಯುತ್ತಿರಲಿಲ್ಲ.

ಪ್ರತಿಯೊಂದನ್ನೂ ಮೊದಲು ಪಂಚಾಂಗ ಹಿಡಿದು ಕೈಯಿಂದಲೇ ಹಾಕಿ, ಆಮೇಲೆ ಯಂತ್ರದಲ್ಲಿ ತಾಳೆ ನೋಡುತ್ತಿದ್ದಿರಿ. ಎರಡೆರಡು ಸಲ ಯಾಕೆ ಎಂದು ಒಮ್ಮೆ ಕೇಳಿದೆ. ಆಗ ನಿಮ್ಮ ತಾಯಿಯ ವಿಷಯ ಹೇಳಿದಿರಿ — ಕೊನೆಕೊನೆಗೆ ಅವರು ದಿನಾ ಬೆಳಿಗ್ಗೆ ಹೆತ್ತ ಮಗಳನ್ನೇ ನೀವ್ಯಾರು ಎಂದು ಕೇಳುತ್ತಿದ್ದದ್ದು, ನೀವು ದಿನಾ ಹೆಸರು ಹೇಳುತ್ತಿದ್ದದ್ದು. ಅದು ನಿಮಗೂ ಬಂದೀತೆಂಬ ಹೆದರಿಕೆ. "ಲೆಕ್ಕ ಕೂಡೋ ತನಕ ನನ್ನ ತಲಿ ನೆಟ್ಟಗದ ಅಂತ ತಿಳಕೊಂಡೀನಿ." ಇಷ್ಟು ಹೇಳಿ ಚಹಾ ಕಪ್ಪು ಕೆಳಗಿಟ್ಟಿರಿ. ಇದನ್ನು ನೀವು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನನಗೆ ಹೇಳಿದಿರಿ.

ಅಂದರೆ — ಎಲ್ಲಿ ಮುಟ್ಟಿದರೆ ನಿಮಗೆ ನೋಯುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಆ ಭಾನುವಾರ ನೀವು ತಂದದ್ದು ಪಕ್ಕದ ಮನೆಯ ಮೊಮ್ಮಗುವಿನ ಜನ್ಮಸಮಯ. ಮದುವೆ ಕರೆಯೋಲೆಯೊಂದರ ಹಿಂಬದಿಯಲ್ಲಿ ಹಾಕಿದ್ದ ಕೈಲೆಕ್ಕದಲ್ಲಿ ಕನ್ಯಾ ಬಂದಿತ್ತು, ಯಂತ್ರ ತುಲಾ ಎಂದಿತು. ಅಲ್ಲೇ ಮೇಜಿನ ಮೂಲೆಯಲ್ಲಿ, ಅದೇ ಕರೆಯೋಲೆಯಲ್ಲಿ ಪೆನ್ಸಿಲಿನಿಂದ ಮತ್ತೆ ಹಾಕಿದಿರಿ. ಮತ್ತೆ ಕನ್ಯಾ. ಸರದಿಯಲ್ಲಿ ಜೋಶಿಯವರೊಬ್ಬರು ನಿಂತಿದ್ದರು — ನನ್ನ ಲಿನಕ್ಸನ್ನು ವಾರ ವಾರ ಚುಚ್ಚುತ್ತಿದ್ದವರು. "ಫುಕಟ್ ಸಾಮಾನು ಫುಕಟ್ ಹಂಗನ ಇರ್ತದರಿ. ವಿಂಡೋಸ್ ಇದ್ದಾಗ ಹಿಂಗ ಆಗ್ತಿತ್ತೇನು?" ಎಂದರು.

ನಾನು ಅವರಿಗೆ ಉತ್ತರ ಕೊಡಬೇಕಿತ್ತು. ನಿಮಗೆ ಕೊಟ್ಟೆ: "ಯಂತ್ರಕ್ಕೆ ವಯಸ್ಸಾಗಲ್ಲ ಕಾಕು. ನಿಮ್ಮ ಲೆಕ್ಕದಲ್ಲೇ ಎಲ್ಲೋ ಜಾರಿದೆ, ನೋಡಿ."

ಕನ್ನಡಕ ತೆಗೆದು ಒರೆಸಿಕೊಂಡಿರಿ. ನೀವು ಹೋದ ಮೇಲೆ ಮೇಜು ಚೊಕ್ಕ ಮಾಡುವಾಗ ಆ ಕರೆಯೋಲೆಯನ್ನು ನಾನೇ ಕಸಕ್ಕೆ ಹಾಕಿದೆ; ಆಗ ಅದರಲ್ಲಿ ಯಾವ ಉದ್ದೇಶವೂ ಇರಲಿಲ್ಲ.

ಅಲ್ಲಿಯವರೆಗೆ ಅದು ಬರೀ ಅಹಂಕಾರ, ಬರೀ ತಪ್ಪು. ಅಂದು ಸಂಜೆ ರೂಮಿನಲ್ಲಿ, ಅನುಮಾನ ತಡೆಯಲಾರದೆ ಅದೇ ಪ್ರೋಗ್ರಾಂ ನನ್ನ ಯಂತ್ರದಲ್ಲಿ ಅದೇ ರೀತಿ ಹಾಕಿ ನೋಡಿದೆ. ಕಾರಣ ಸಿಕ್ಕಿತು. ನಮ್ಮ ದೇಶದ ಗಡಿಯಾರ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿದೆ. ಆ ಹಳೆಯ ಪ್ರೋಗ್ರಾಂ ಈ ಅಂತರವನ್ನು ವಿಂಡೋಸಿನಿಂದ ಕೇಳಿ ಪಡೆಯುತ್ತಿತ್ತು. ನಾನು ಮಾಡಿದ ಏರ್ಪಾಟಿನಲ್ಲಿ ಆ ಅರ್ಧ ಉದುರಿಹೋಗಿ, ಐದು ಗಂಟೆ ಎಂಬ ಉತ್ತರ ಹೋಗುತ್ತಿತ್ತು. ಎಲ್ಲ ಮಕ್ಕಳೂ ಅರ್ಧ ಗಂಟೆ ತಡವಾಗಿ ಹುಟ್ಟಿದಂತೆ ಲೆಕ್ಕ. ಹೆಚ್ಚಿನ ಜಾತಕಗಳಲ್ಲಿ ಲಗ್ನ ಬದಲಾಗುತ್ತಿರಲಿಲ್ಲ. ರಾಶಿಯ ಅಂಚಿನಲ್ಲಿ ಹುಟ್ಟಿದ ಮಗುವಿಗೆ ಬದಲಾಯಿತು.

ಆಗಲೇ ಫೋನ್ ಮಾಡಬಹುದಿತ್ತು. ನಂಬರ್ ಇತ್ತು. ಮಾಡಲಿಲ್ಲ — ಆ ಸಂಜೆ ನನ್ನೊಳಗೆ ಒಂದು ಚರ್ಚಾಸ್ಪರ್ಧೆ ನಡೆಯಿತು, ಎರಡೂ ಪಕ್ಷ ನಾನೇ. ಜಾತಕವೇ ಸುಳ್ಳಾದರೆ ಅದರಲ್ಲಿ ಅರ್ಧ ಗಂಟೆಯ ಸುಳ್ಳು ಸೇರಿದರೆ ಯಾರಿಗೆ ನಷ್ಟ? ಕನ್ಯಾ ಆದರೇನು, ತುಲಾ ಆದರೇನು, ಆ ಮಗು ಬೆಳೆಯುವುದು ಹಾಲು ಕುಡಿದೇ ಅಲ್ಲವೇ? ಎಷ್ಟು ಚಂದದ ವಾದ. ಕಾಲೇಜಿನಲ್ಲಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಮಾತು ಮಗುವಿನದಲ್ಲ, ನಿಮ್ಮದು ಎಂಬುದನ್ನು ಎದುರು ಪಕ್ಷ ಎತ್ತದಂತೆ ನೋಡಿಕೊಂಡೆ.

ಮುಂದಿನ ಭಾನುವಾರ ನಿಮ್ಮ ಲ್ಯಾಪ್‌ಟಾಪ್ ಕೇಳಿ ಪಡೆದು, ಅಪ್‌ಡೇಟ್ ಇದೆ ಎಂದು ಹೇಳಿ, ಅರ್ಧ ಗಂಟೆಯನ್ನು ಸರಿ ಮಾಡಿದೆ. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಆದರೆ ನೀವು ಆ ಜಾತಕವನ್ನು ಯಾರಿಗೂ ಕೊಡದೆ ಲ್ಯಾಪ್‌ಟಾಪಿನಲ್ಲೇ ಇಟ್ಟುಕೊಂಡಿದ್ದಿರಿ. ಅಲ್ಲೇ ಕೂತು ಮತ್ತೆ ತೆರೆದಿರಿ. ಕನ್ಯಾ ಎಂದು ಬಂತು.

ನಿಮ್ಮ ಮುಖ ಅರಳಿದ್ದನ್ನು ನೋಡಿದೆ, ಕಾಕು. ಅದನ್ನು ನೋಡಿದ ಮೇಲೂ —

"ಹ್ವಾದ ವಾರ ತುಲಾ ಅಂತ ತೋರಿಸಿತ್ತಲಾ ಇದು? ನಾ ಕನ್ಯಾ ಅಂದಿದ್ದೆ," ಎಂದಿರಿ ನೀವು.

ಜೋಶಿಯವರು ಅಂದು ಬಂದಿರಲಿಲ್ಲ. ಕಾಗದ ಕಸಕ್ಕೆ ಹೋಗಿತ್ತು. ಇವೆರಡೂ ನನಗೆ ಒಂದೇ ಕ್ಷಣದಲ್ಲಿ ಹೊಳೆದವು. ವಾದ ಮಾಡಿ ಪಳಗಿದವರಿಗೆ ಹಾಗೆ ಹೊಳೆಯುತ್ತದೆ.

"ಇಲ್ಲ ಕಾಕು. ಮಿಷನ್ನು ಕನ್ಯಾ ಅಂದಿತ್ತು, ತುಲಾ ಬರೆದಿದ್ದು ನೀವು. ಉಲ್ಟಾ ನೆನಪಿಟ್ಟುಕೊಂಡಿದ್ದೀರ."

"ಹೌದೇನು?"

"ಹೂಂ. ನಾನೇ ನೋಡಿದ್ದೀನಲ್ಲ."

ಪರದೆಯ ಮೇಲಿನ ಕನ್ಯಾ ಎಂಬ ಅಕ್ಷರಗಳನ್ನು ನೀವು ಬೆರಳಿಟ್ಟು ಓದಿದಿರಿ. ಆಮೇಲೆ, ಇರಬಹುದು ಎಂದಿರಿ. ಜಗಳವಾಡಲಿಲ್ಲ. ನನ್ನೊಡನೆ ಅಷ್ಟು ಜಗಳವಾಡುತ್ತಿದ್ದವರು ಅವತ್ತೊಂದು ದಿನ ಆಡಿದ್ದರೆ ನಾನು ಸೋಲುತ್ತಿದ್ದೆ ಎಂದು ಈಗ ಅನ್ನಿಸುತ್ತದೆ. ಇಲ್ಲ, ಈ ಸಾಲನ್ನು ಹೊಡೆದು ಹಾಕಬೇಕು. ನನ್ನನ್ನು ಸೋಲಿಸುವ ಹೊಣೆ ನಿಮ್ಮದಾಗಿರಲಿಲ್ಲ.

ಅದಾದ ಮೇಲೆ ನೀವು ಭಾನುವಾರ ಬರುವುದು ಕಡಿಮೆಯಾಯಿತು, ನಿಂತೂ ಹೋಯಿತು. ಒಂದು ದಿನ ನಿಮ್ಮ ಮಗ ಶ್ರೀಧರಣ್ಣ ಲ್ಯಾಪ್‌ಟಾಪ್ ತಂದು, ಅದರಲ್ಲಿರುವುದನ್ನು ಅಳಿಸಿ ಯಾರಿಗಾದರೂ ಬೇಕಾದವರಿಗೆ ಕೊಟ್ಟುಬಿಡು ಎಂದರು. ನೀವಾಗಿಯೇ ಅವರಿಗೆ ಹೇಳಿದ್ದಿರಂತೆ: ತಾಯಿಗೆ ಬಂದದ್ದು ನನಗೂ ಬಂತು, ಕಣ್ಣಾರೆ ನೋಡಿದ್ದೇ ಉಲ್ಟಾ ನೆನಪಾಗುತ್ತಿದೆ ಎಂದು. ಡಾಕ್ಟರ್ ಏನೂ ಇಲ್ಲ ಎಂದಿದ್ದರು. ನೀವು ಡಾಕ್ಟರನ್ನು ನಂಬಲಿಲ್ಲ. ಜಾತಕ ಬರೆಯುವುದು ಬಿಟ್ಟಿರಿ. ಒಬ್ಬರೇ ಬಸ್ಸು ಹತ್ತುವುದು ಬಿಟ್ಟಿರಿ. ಮೊಮ್ಮಗಳನ್ನು ದಿನಾ ಶಾಲೆಯಿಂದ ಕೈಹಿಡಿದು ಕರೆತರುತ್ತಿದ್ದಿರಿ — ರಸ್ತೆಯಲ್ಲಿ ದಾರಿ ತಪ್ಪಿದರೆ ಎಂದು ಹೆದರಿ ಅದನ್ನೂ ಬಿಟ್ಟಿರಿ.

ಇದೆಲ್ಲ ಹೇಳಿ ಶ್ರೀಧರಣ್ಣ ನನ್ನ ಮುಖ ನೋಡಿದರು. ನಿಜ ಹೇಳಲು ಒಂದೇ ವಾಕ್ಯ ಸಾಕಿತ್ತು. ನಾನು ಹೇಳಿದ್ದು: "ಹುಷಾರಾಗಿರೋದು ಒಳ್ಳೇದೇ ಅಲ್ವಾ, ಅಣ್ಣ." ಅವರು ಥ್ಯಾಂಕ್ಸ್ ಹೇಳಿ ಹೋದರು.

ವರ್ಷಗಳಾದವು. ನಾನು ಎಷ್ಟೋ ಕಡೆ ಮೂಢನಂಬಿಕೆಯ ವಿರುದ್ಧ ಮಾತಾಡಿದೆ, ಪುರಾವೆ ಎಲ್ಲಿ ಎಂದು ಎಷ್ಟೋ ಜನರನ್ನು ಕೇಳಿದೆ. ಪುರಾವೆಯನ್ನು ಕಸದ ಬುಟ್ಟಿಗೆ ಹಾಕಿದವಳು ನಾನು.

ಈ ಯುಗಾದಿಗೆ ಸಂಘದ ಊಟದಲ್ಲಿ ನೀವು ಕಂಡಿರಿ. ದೂರದಿಂದಲೇ ಗುರುತು ಹಿಡಿದು ಕೈಬೀಸಿ ಕರೆದಿರಿ. ಹತ್ತಿರ ಬಂದಾಗ, "ನೀ ವಿಭಾ. ಹೌದಲ್ಲ?" ಎಂದು, ಮಗನ ಮುಖ ನೋಡಿದಿರಿ. ಅವರು ತಲೆಯಾಡಿಸಿದ ಮೇಲೆ ನಕ್ಕಿರಿ. ಹೋಳಿಗೆಗೆ ತುಪ್ಪ ಬಡಿಸಿಕೊಂಡಾಗಲೂ ಹಾಗೇ — ನಾ ಆಗಲೇ ಹಾಕಿಸಿಕೊಂಡೀನಿ, ಹೌದಲ್ಲ? ನಿಮಗೆ ಎಲ್ಲವೂ ನೆನಪಿತ್ತು, ಕಾಕು. ನನ್ನ ರೂಮಿನ ಮಾಲಕಿಯ ಹೆಸರು ಕೂಡ. ಆದರೆ ಒಂದೊಂದು ನೆನಪನ್ನೂ ಯಾರಾದರೂ ಒಪ್ಪುವವರೆಗೆ ನಿಮ್ಮದು ಎಂದುಕೊಳ್ಳಲು ನಿಮಗೆ ಧೈರ್ಯವಿರಲಿಲ್ಲ.

ಮರುವಾರ ಕೋಥರೂಡದ ನಿಮ್ಮ ಮನೆಗೆ ಬಂದೆ. ಶ್ರೀಧರಣ್ಣನನ್ನೂ ಕೂರಿಸಿಕೊಂಡು ಎಲ್ಲ ಹೇಳಿದೆ. ಅರ್ಧ ಗಂಟೆ, ಕರೆಯೋಲೆ, ಎಲ್ಲ. ನನ್ನ ಲ್ಯಾಪ್‌ಟಾಪ್ ತೆರೆದು, ಅದೇ ತಪ್ಪನ್ನು ಬೇಕೆಂದೇ ಮಾಡಿ, ತುಲಾ ಬರುವುದನ್ನು ತೋರಿಸಿದೆ. ನನಗೆ ಗೊತ್ತಿದ್ದ ವಾದವನ್ನೆಲ್ಲ ಮೊದಲ ಸಲ ನಿಜದ ಪರವಾಗಿ ಹೂಡಿದೆ. ಪಾಠ ಒಪ್ಪಿಸುವ ಮಗುವಿಗೆ ತಲೆದೂಗುವಂತೆ ನೀವು ತಲೆದೂಗಿದಿರಿ. ಕೊನೆಗೆ ನನ್ನ ಕೈ ಹಿಡಿದಿರಿ.

"ನನ್ನ ಸಮಾಧಾನಕ್ಕ ಹೇಳ್ಲಿಕತ್ತೀಯವಾ. ತಿಳೀತದ ನನಗ. ಭಾಳ ಒಳ್ಳೇ ಹುಡುಗಿ ನೀ."

ಶ್ರೀಧರಣ್ಣ ನಂಬಿದರು. ಬೈಯಲಿಲ್ಲ. ಗೇಟಿನವರೆಗೆ ಬಂದು, ಮಗಳನ್ನು ಶಾಲೆಯಿಂದ ಕರೆತರುವುದೆಂದರೆ ಅವ್ವನಿಗೆ ಜೀವವಾಗಿತ್ತು ಎಂದಷ್ಟೇ ಹೇಳಿದರು. ಆ ಹುಡುಗಿ ಆಗಲೇ ಹೈಸ್ಕೂಲಿನಿಂದ ಸೈಕಲ್ಲಿನಲ್ಲಿ ಒಬ್ಬಳೇ ಬಂದು, ನಮ್ಮನ್ನು ದಾಟಿಕೊಂಡು ಒಳಗೆ ಹೋದಳು.

ಅಂದಿನಿಂದ ಭಾನುವಾರಗಳಲ್ಲಿ ನಿಮ್ಮಲ್ಲಿಗೆ ಬರುತ್ತಿದ್ದೇನೆ. ಯಂತ್ರ ತರುವುದಿಲ್ಲ. ಕ್ಷಮೆ ಕೇಳುವುದಿಲ್ಲ, ಕೇಳಿದರೆ ನೀವು ಕೊಟ್ಟುಬಿಡುತ್ತೀರಿ, ಕ್ಷಮಿಸಬೇಕಾದದ್ದು ನಡೆದಿದೆ ಎಂದೇ ನಂಬದೆ. ಹೋದ ವಾರ ಒಂದು ಜನ್ಮಸಮಯ ತಂದು ಪಂಚಾಂಗ, ಪೆನ್ಸಿಲ್ ನಿಮ್ಮ ಮುಂದಿಟ್ಟೆ. ಬೇಡ ಬೇಡ ಎನ್ನುತ್ತಲೇ ಕೈಗೆತ್ತಿಕೊಂಡಿರಿ. ಮೊದಲ ಸಾಲು ಬರೆದಿರಿ. ಸರಿಯಾಗಿತ್ತು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದಿರಿ.

"ಹೌದಲ್ಲ?"

ಹೌದು ಎಂದೆ. ಎರಡನೆಯ ಸಾಲಿಗೂ ಹಾಗೆಯೇ ನೋಡಿದಿರಿ — ಪಂಚಾಂಗವನ್ನಲ್ಲ, ನನ್ನನ್ನೇ.