ಓದಿ ಹೇಳಿದ ಕಾಗದ

ಹಸನಿಚ್ಚ, ಆ ದಿನ ನಾನು ನಿಮಗೆ ಓದಿ ಹೇಳಿದ್ದು ಆ ಕಾಗದದಲ್ಲಿ ಇರಲಿಲ್ಲ.

ಇದನ್ನು ಮೊದಲೇ ಬರೆದುಬಿಡುತ್ತೇನೆ. ಕ್ಷೇಮಸಮಾಚಾರದಿಂದ ಶುರುಮಾಡಿದರೆ ನಾನು ಅಲ್ಲಲ್ಲೇ ಸುತ್ತಾಡಿ, ಊರಿನ ಸೆಖೆಯ ಬಗ್ಗೆ ನಾಲ್ಕು ಮಾತು ಗೀಚಿ, ಲಕೋಟೆ ಅಂಟಿಸಿ ಕಳಿಸಿಬಿಡುವವಳು — ನನ್ನ ಬುದ್ಧಿ ನನಗೆ ಗೊತ್ತು. ಇಷ್ಟು ವರ್ಷ ಮಾಡಿದ್ದೂ ಅದನ್ನೇ. ನೀವು ಹೇಳಿದ್ದನ್ನು ನಾನು ಇಂಗ್ಲಿಷಿನಲ್ಲಿ ತಿರುಚಿ ಬರೆದೆ. ತಿರುಚಿದ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡು, ನೀವು ಹೇಳಿದ್ದನ್ನೇ ನಿಮಗೆ ಓದಿದಂತೆ ನಟಿಸಿದೆ. ನೀವು ನಂಬಿ ಸಹಿ ಹಾಕಿದಿರಿ.

ಇನ್ನು ಮುಂದೆ ಬರೆಯುವುದರಲ್ಲಿ ಅರ್ಧ ನಿಮಗೆ ಗೊತ್ತಿರುವುದೇ. ಆದರೂ ಬರೆಯುತ್ತೇನೆ, ಯಾಕೆಂದರೆ ಇದನ್ನು ನಿಮ್ಮ ಮಗಳು ಸಫಿಯಾ ಕೂಡ ಓದಬೇಕು.

ಬಹರೇನಿನ ಮನಾಮದಲ್ಲಿ, ಅದ್ಲಿಯಾದ ಆ ಬಿಳಿ ವಿಲ್ಲಾ ನೆನಪಿದೆಯಲ್ಲ. ಹೊರಗೆ ಸಾಗಣೆ ಕಂಪೆನಿಯ ಬೋರ್ಡು, ಒಳಗೆ ಬಾಡಿಗೆ ಬಂದೂಕಿನ ವ್ಯಾಪಾರ. ಅಮೆರಿಕದ ಸೈನ್ಯ ಇರಾಕಿನಲ್ಲಿ ಬೀಡುಬಿಟ್ಟಿದ್ದ ಕಾಲ ಅದು. ಅಲ್ಲಿನ ಮಂತ್ರಿಗಳಿಗೆ ತಮ್ಮದೇ ಊರಿನ ರಸ್ತೆಯಲ್ಲಿ ಹೋಗಿಬರಲು ಹೊರದೇಶದ ಬಂದೂಕಿನವರು ಬೇಕಿತ್ತು. ಅವರನ್ನು ಒದಗಿಸುತ್ತಿದ್ದದ್ದು ನಾವು. ಬಂದೂಕು ಹಿಡಿಯುವವರು ಬಿಳಿಯರು. ಅವರ ಹಿಂದೆ ನೀರು, ಊಟ, ಡೀಸೆಲ್ ಹೊತ್ತುಕೊಂಡು ಹೋಗುವವರು ನಮ್ಮವರು. ನಮ್ಮವರ ವೀಸಾ ಬಹರೇನಿನದ್ದು, ಮನೆಯವರಿಗೆ ಹೇಳುವುದೂ ಬಹರೇನ್ ಎಂದೇ. ಕಂಪೆನಿಯ ವಿಮಾನ ಮಾತ್ರ ಆಚೆ ಇರಾಕಿನಲ್ಲಿ ಇಳಿಯುತ್ತಿತ್ತು.

ನನ್ನ ಕೆಲಸ ಕಾಗದಪತ್ರದ್ದು. ಇಂಗ್ಲಿಷ್ ಬಾರದ ಡ್ರೈವರುಗಳಿಗೆ, ಅಡುಗೆಯವರಿಗೆ ಕಾಗದ ಓದಿ ಹೇಳುವುದು, ಆಮೇಲೆ ಸಹಿ ಹಾಕಿಸುವುದು. ಹಿಂದಿಯವರಿಗೆ ಒಬ್ಬ ಇದ್ದ, ಮಲಯಾಳದವರಿಗೆ ಒಬ್ಬ. ತುಳು, ಕನ್ನಡ, ಕೊಂಕಣಿ, ಬ್ಯಾರಿ ಎಲ್ಲಕ್ಕೂ ನಾನೊಬ್ಬಳೇ. ನಮ್ಮ ಕಡೆಯವರ ಅಭ್ಯಾಸ ನಿಮಗೆ ಹೇಳಬೇಕೆ — ಮೇಜಿನ ಮುಂದೆ ಕೂತ ಕೂಡಲೇ ಯಾವ ಊರು ಎಂದು ಕೇಳುವುದು. ನಾನು ಕಿನ್ನಿಗೋಳಿ ಎಂದೆ. ನೀವು ಸುರತ್ಕಲ್ ಎಂದಿರಿ. ಅಷ್ಟಾದರೆ ಸಾಕು, ಆಮೇಲೆ ಯಾರೂ ಕಾಗದದ ಕಡೆ ಕಣ್ಣೆತ್ತುವುದಿಲ್ಲ. ಊರಿನಲ್ಲಿ ಕ್ರೈಸ್ತರ ಹೆಂಗಸರನ್ನು ಕರೆಯುವ ಹಾಗೆ ನೀವು ನನ್ನನ್ನು ಮೊದಲ ದಿನವೇ ಬಾಯಮ್ಮ ಎಂದು ಕರೆದಿರಿ. "ಬಾಯಮ್ಮ ಓದಿದ್ದಾರಲ್ಲ, ಇನ್ನು ನಾನು ಎಂತ ನೋಡುವುದು? ಎಲ್ಲಿ ಹಾಕ್ಬೇಕು ಹೇಳಿ." ಎಷ್ಟು ಜನ ಹಾಗೆ ಹೇಳಿ ಸಹಿ ಹಾಕಿದ್ದಾರೆ. ಆ ನಂಬಿಕೆಯ ಮೇಲೆಯೇ ನನ್ನ ಕುರ್ಚಿ ನಿಂತಿತ್ತು.

ಆ ಮಧ್ಯಾಹ್ನ ನೀವು ಬಂದಾಗ ನಿಮ್ಮ ಅಂಗಿಯ ತೋಳಿನಲ್ಲಿ ಇನ್ನೂ ಇರಾಕಿನ ರಸ್ತೆಯ ಧೂಳಿತ್ತು. ಒಂದು ಲೋಟ ನೀರು ಕೇಳಿ ಕುಡಿಯದೆ ಹಾಗೇ ಇಟ್ಟಿರಿ. ಮಂತ್ರಿಯೊಬ್ಬನ ವಾಹನಗಳ ಸಾಲಿನಲ್ಲಿ ನಿಮ್ಮದು ಕೊನೆಯ ಪಿಕಪ್. ಮುಂದಿನ ಗಾಡಿಯ ಹಾರ್ನ್ ಕೇಳಿ ಎದುರಿನಿಂದ ಬರುತ್ತಿದ್ದ ಒಂದು ಹಳೆಯ ಕಾರು ಬದಿಗೆ ಸರಿದು ನಿಂತಿತು. ನಿಂತ ಕಾರಿನ ಮೇಲೆ ಕಂಪೆನಿಯ ಕಾವಲಿನವರು ಗುಂಡು ಹಾರಿಸಿದರು. ಗಂಡ ಸತ್ತ, ಹಿಂದಿನ ಸೀಟಿನಲ್ಲಿದ್ದ ಮಗಳು ಸತ್ತಳು, ಹೆಂಡತಿ ಉಳಿದಳು.

"ಅವನು ಎರಡೂ ಕೈ ಕಿಟಕಿಯಿಂದ ಹೊರಗೆ ಹಾಕಿದ್ದ ಬಾಯಮ್ಮ," ಎಂದಿರಿ. "ಎರಡೂ. ಹೀಗೆ. ಕೈಯಲ್ಲಿ ಎಂತದೂ ಇರಲಿಲ್ಲ. ಆ ಹೆಂಗಸು ರಸ್ತೆಯಲ್ಲಿ ಕೂತು ಒಂದೇ ಮಾತು ಹೇಳ್ತಾ ಇತ್ತು, ನಾವು ನಿಂತಿದ್ದೆವು, ನಾವು ನಿಂತಿದ್ದೆವು ಅಂತ. ನನಗೆ ಅಷ್ಟು ಅರಬಿ ಬರ್ತದೆ. ನೀವು ಬೇರೆ ಎಂತ ಬರೀದಿದ್ರೂ ಅಡ್ಡಿಲ್ಲ. ಕಾರು ನಿಂತಿತ್ತು ಅಂತ ಬರೀರಿ. ಅದು ಆ ಹೆಂಗಸಿಗೆ ತಲುಪಬೇಕು."

ನೀವು ಸುಮ್ಮನಿರಬಹುದಿತ್ತು. ಇರಾಕಿಗೆ ಹೋಗಿದ್ದು ತಿಳಿದರೆ ಪಾಸ್‌ಪೋರ್ಟಿನ ತೊಂದರೆ, ಮನೆಯಲ್ಲಿ ಬಾಣಂತಿ ಹೆಂಡತಿ, ಸಫಿಯಾ ಆಗ ಮಗು. ಉಳಿದ ಡ್ರೈವರುಗಳು ತಾವು ಏನೂ ಕಂಡಿಲ್ಲ ಎಂದು ತಲೆ ತಗ್ಗಿಸಿ ಹೋಗಿದ್ದರು. ನೀವೊಬ್ಬರೇ ಬಂದು, ನನ್ನ ಮೇಜಿನ ಮುಂದೆ ಕೂತು, ಎರಡೂ ಕೈ ಮುಂದೆ ಚಾಚಿ ತೋರಿಸಿದಿರಿ.

ನಾನು ಅದನ್ನು ಮೊದಲು ನೀವು ಹೇಳಿದಂತೆಯೇ ಬರೆದೆ. ಇದನ್ನು ಹೇಳುವುದು ನನ್ನ ಪಾಪ ಕಡಿಮೆ ಮಾಡಿಕೊಳ್ಳುವುದಕ್ಕಲ್ಲ. ಕಡಿಮೆ ಆಗುವುದಿಲ್ಲ, ಹೆಚ್ಚೇ ಆಗುತ್ತದೆ. ಒಳಗಿನ ಕೋಣೆಯಲ್ಲಿ ನಮ್ಮ ಮುಖ್ಯಸ್ಥ ಇದ್ದ. ಸೈನ್ಯ ಬಿಟ್ಟು ವ್ಯಾಪಾರಕ್ಕೆ ಇಳಿದವನು, ಎಲ್ಲರೂ ಅವನನ್ನು ಕರ್ನಲ್ ಎನ್ನುತ್ತಿದ್ದರು. ಓದಿ ನೋಡಿದ. ಗದರಿಸಲಿಲ್ಲ, ಕೆಲಸದಿಂದ ತೆಗೆಯುತ್ತೇನೆ ಎನ್ನಲಿಲ್ಲ, ಧ್ವನಿಯನ್ನೂ ಏರಿಸಲಿಲ್ಲ. ಕಾಗದವನ್ನು ನನ್ನ ಕಡೆ ತಳ್ಳಿ ಹೇಳಿದ: "ಲೀನಾ, ಇದನ್ನು ಸ್ವಲ್ಪ ಸ್ವಚ್ಛ ಮಾಡು. ಈ ಆಫೀಸಿನಲ್ಲಿ ನಿನ್ನಷ್ಟು ಒಳ್ಳೆಯ ಇಂಗ್ಲಿಷ್ ಯಾರದ್ದೂ ಇಲ್ಲ."

ಅಷ್ಟೇ ಹಸನಿಚ್ಚ. ಬೆದರಿಕೆ ಹಾಕಿದ್ದರೆ ನಿಮಗೆ ಹೇಳಲು ಒಂದು ಕಾರಣವಾದರೂ ಇರುತ್ತಿತ್ತು. ನನ್ನ ಇಂಗ್ಲಿಷ್ ಚೆನ್ನಾಗಿದೆ ಎಂದ, ನಾನು ಹಿಗ್ಗಿದೆ. ಕಾನ್ವೆಂಟಿನಲ್ಲಿ ಬಹುಮಾನ ಸಿಕ್ಕವಳ ಹಾಗೆ ಹಿಗ್ಗಿ ಹೊರಗೆ ಬಂದು ಕೂತು ಬರೆದೆ. ಕಾರು ವೇಗವಾಗಿ ಬರುತ್ತಿತ್ತು — ಎಚ್ಚರಿಕೆ ಕೊಟ್ಟರೂ ನಿಲ್ಲಿಸಲಿಲ್ಲ — ಚಾಲಕನ ಕೈಗಳು ಕಾಣಿಸುತ್ತಿರಲಿಲ್ಲ. ಎಷ್ಟು ನಯವಾದ ವಾಕ್ಯಗಳು, ಥೂ. ಒಂದು ಅಕ್ಷರದ ತಪ್ಪಿಲ್ಲ.

ಆಮೇಲೆ ನಿಮ್ಮನ್ನು ಕರೆದೆ. ಇದನ್ನು ಬರೆಯುವುದು ಎಲ್ಲಕ್ಕಿಂತ ಕಷ್ಟ. ನೀವು ಸಹಿಗೆ ಪೆನ್ನು ತೆಗೆದವರು, ಯಾಕೋ ನಿಂತು, "ಒಂದ್ಸಲ ಓದಿ ಹೇಳ್ತೀರಾ?" ಎಂದಿರಿ. ನೀವು ಅದುವರೆಗೆ ಯಾವತ್ತೂ ಹಾಗೆ ಕೇಳಿದವರಲ್ಲ. ನಾನು ಓದಿದೆ. ಕಣ್ಣು ಇಂಗ್ಲಿಷಿನ ಸಾಲಿನ ಮೇಲೆ, ಬಾಯಲ್ಲಿ ನಿಮ್ಮ ಮಾತು. ಕಾರು ಬದಿಗೆ ಸರಿದು ನಿಂತಿತ್ತು ಎಂದು ಓದಿದೆ. ಎಲ್ಲಿಯೂ ತಡವರಿಸಲಿಲ್ಲ.

"ಕೈಯ ವಿಷಯ ಹಾಕಿದ್ದೀರಲ್ಲ?" ಎಂದಿರಿ.

"ಇದೋ, ಇಲ್ಲಿ ಉಂಟು," ಎಂದು ಸಾಲಿನ ಮೇಲೆ ಬೆರಳಿಟ್ಟೆ.

ನೀವು ಬಗ್ಗಿ ಆ ಸಾಲನ್ನು ನೋಡಿದಿರಿ. ಅರ್ಥವಾಗದಿದ್ದರೂ ಗೌರವದಿಂದ ನೋಡಿದಿರಿ, ಆಮೇಲೆ ಕೆಳಗೆ ಕನ್ನಡದಲ್ಲಿ ದುಂಡಗೆ ಸಹಿ ಮಾಡಿದಿರಿ. ಏಳನೆಯ ಕ್ಲಾಸಿನವರೆಗೆ ಕನ್ನಡ ಶಾಲೆಗೆ ಹೋದವರು ನೀವು. ನಿಮ್ಮ ಮಾತನ್ನು ನಾನು ಕನ್ನಡದಲ್ಲೇ ಬರೆದು ಕೈಗೆ ಕೊಡಬಹುದಿತ್ತು, ನೀವೇ ಓದಿಕೊಳ್ಳುತ್ತಿದ್ದಿರಿ. ನಿಮ್ಮನ್ನು ಇಚ್ಚ ಎಂದು, ಅಣ್ಣ ಎಂದು ಕರೆಯುತ್ತಿದ್ದವಳಿಗೆ ಅದು ಹೊಳೆಯಲಿಲ್ಲ ಎಂದರೆ ಸುಳ್ಳು. ಹೊಳೆದಿತ್ತು.

ಮುಂದಿನ ವಾರ ಆ ಮಂತ್ರಿಯೇ ಮನಾಮಕ್ಕೆ ಬಂದ. ವಿಲ್ಲಾದ ಒಳಕೋಣೆಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು ಕಾಫಿ ಕುಡಿದ. ಅವನ ದೇಶದವರೇ ಅವನ ದಾರಿಗಾಗಿ ಸತ್ತಿದ್ದರು, ಅವನಿಗೆ ಬೇಕಾಗಿದ್ದದ್ದು ಸಭೆಯಲ್ಲಿ ಎತ್ತಿ ತೋರಿಸಲು ಒಂದು ಹಾಳೆ. ಕಾಗದ ತಂದುಕೊಟ್ಟವಳು ನಾನು. ಓದಿ ಕೇಳಿದ, "ಸಾಕ್ಷಿ ಭಾರತದವನಾ? ಒಳ್ಳೆಯದಾಯಿತು. ಅವರು ಸುಳ್ಳು ಹೇಳುವವರಲ್ಲ." ಕರ್ನಲ್ ನಕ್ಕ. ನಾನೂ ನಕ್ಕೆ ಹಸನಿಚ್ಚ, ಮಂತ್ರಿ ತಮಾಷೆ ಮಾಡಿದಾಗ ನಗುವುದು ಮರ್ಯಾದೆ ಎಂಬಂತೆ ಹಲ್ಲು ತೋರಿಸಿದೆ. ಆಮೇಲೆ ಅವನು ಬೆರಳು ಒರೆಸಿಕೊಳ್ಳುತ್ತಾ ಈ ಬೀದಿಯಲ್ಲಿ ಮೀನು ಎಲ್ಲಿ ಚೆನ್ನಾಗಿ ಸಿಗುತ್ತದೆ ಎಂದು ಕೇಳಿದ. ಹೋಟೆಲಿಗೆ ಫೋನ್ ಮಾಡಿ ಮೇಜು ಕಾದಿರಿಸಿದವಳೂ ನಾನೇ.

ಎರಡು ತಿಂಗಳ ಮೇಲೆ ಅವನ ಕಚೇರಿಯ ಪತ್ರದ ಪ್ರತಿಯೊಂದು ನನ್ನ ಫೈಲಿಗೆ ಬಂತು. ಆ ಹೆಂಗಸಿಗೆ ಬರೆದದ್ದು. ಯಾವ ಕಡೆಗೂ ಸೇರದ ಒಬ್ಬ ಭಾರತೀಯ ಡ್ರೈವರ್ ಕಣ್ಣಾರೆ ಕಂಡು ಹೇಳಿದ್ದಾನೆ, ನಿಮ್ಮ ಗಂಡ ಕಾರು ನಿಲ್ಲಿಸಲಿಲ್ಲ, ನಿಮ್ಮ ಮಗಳ ಸಾವಿಗೆ ಅವನ ಅಜಾಗರೂಕತೆಯೇ ಕಾರಣ, ದೂರನ್ನು ಮುಕ್ತಾಯಗೊಳಿಸಲಾಗಿದೆ. ಎರಡೂ ಕೈ ಹೊರಗೆ ಚಾಚಿ ಸತ್ತವನನ್ನು ತನ್ನ ಮಗಳನ್ನೇ ಕೊಂದವನನ್ನಾಗಿ ಮಾಡಿದರು — ಮಾಡಿದರು ಎಂದರೇನು, ಮಾಡಿದೆವು. ಅದೂ ನಿಮ್ಮ ಹೆಸರಿನಲ್ಲಿ. ನಾನು ಆ ಪತ್ರಕ್ಕೆ ತೂತು ಹಾಕಿ ಫೈಲಿನಲ್ಲಿ ಸೇರಿಸಿದೆ. ಅದೇ ತಿಂಗಳು ನನ್ನ ಮೇಜನ್ನು ಒಳಗಿನ ಕೋಣೆಯ ಪಕ್ಕಕ್ಕೆ, ಕಿಟಕಿಯ ಬಳಿಗೆ ಹಾಕಿದರು.

ಇಲ್ಲಿ ರಜೆಯ ದಿನವಾದ ಶುಕ್ರವಾರದ ಚರ್ಚಿನ ಪೂಜೆಯನ್ನು ನಾನು ತಪ್ಪಿಸಿದವಳಲ್ಲ. ಪಾದ್ರಿಯ ಮುಂದೆ ಮೊಣಕಾಲೂರಿ ಪಾಪನಿವೇದನೆಯೂ ಮಾಡಿದ್ದೇನೆ. ಸಿಟ್ಟು ಮಾಡಿದೆ, ನಾದಿನಿಯ ಬಗ್ಗೆ ಚಾಡಿ ಹೇಳಿದೆ, ಉಪವಾಸದ ದಿನ ಮಾಂಸ ತಿಂದೆ — ಇಂಥ ಚಿಲ್ಲರೆಗಳನ್ನೆಲ್ಲ ಒಪ್ಪಿಸಿ ಮೂರು ಪ್ರಾರ್ಥನೆ ಹೇಳಿ ಎದ್ದುಬಂದಿದ್ದೇನೆ. ಇದೊಂದನ್ನು ಗಂಟಲಿನಲ್ಲಿ ಇಟ್ಟುಕೊಂಡೇ ಪ್ರಸಾದ ನುಂಗಿದ್ದೇನೆ.

ಮತ್ತೆ ನೀವು. ನೀವು ಬೇರೆ ಕೆಲಸ ಹಿಡಿದು ಹೂರಾದ ಅಂಗಡಿಯೊಂದರ ವ್ಯಾನ್ ಓಡಿಸತೊಡಗಿದ ಮೇಲೂ ಪ್ರತಿ ಕ್ರಿಸ್ಮಸ್ಸಿಗೆ ಉಮ್ ಅಲ್ ಹಸ್ಸಮಿನ ನಮ್ಮ ಫ್ಲ್ಯಾಟಿಗೆ ಹಲ್ವಾದ ಡಬ್ಬಿ ಹಿಡಿದುಕೊಂಡು ಬರುತ್ತಿದ್ದಿರಿ. ನನ್ನ ಗಂಡನನ್ನು ಊರಿನಲ್ಲಿ ಕ್ರೈಸ್ತರ ಗಂಡಸರನ್ನು ಕರೆಯುವ ಹಾಗೆ ಪೊರ್ಬುಗಳೇ ಎಂದು ಕರೆದು ಹೇಳುತ್ತಿದ್ದಿರಿ, "ನಿಮ್ಮ ಬಾಯಮ್ಮನಿಂದಾಗಿ ನನಗೆ ನಿದ್ದೆ ಬರ್ತದೆ ಪೊರ್ಬುಗಳೇ. ಆ ಹೆಂಗಸಿಗೆ ಸತ್ಯ ತಲುಪಿತಲ್ಲ." ಅವರಿಗೂ ನಾನು ಹೇಳಿರಲಿಲ್ಲ, ಹೆಮ್ಮೆಯಿಂದ ನನ್ನ ಮುಖ ನೋಡುತ್ತಿದ್ದರು. ನೀವು ಹೋದ ಮೇಲೆ ಆ ಹಲ್ವಾವನ್ನು ನಾನು ಬಾಯಿಗೆ ಹಾಕಿದ್ದಿಲ್ಲ. ಎಸೆಯಲೂ ಧೈರ್ಯವಿಲ್ಲದೆ ಕೆಳಗಿನ ಮನೆಯವರಿಗೆ ಕೊಟ್ಟುಬಿಡುತ್ತಿದ್ದೆ.

ಕಳೆದ ತಿಂಗಳು ನೀವು ಕೊನೆಯ ಸಲ ಬಂದಿರಿ. ಬಹರೇನ್ ಸಾಕು, ಊರಿಗೆ ಹೊರಟೆ ಎಂದಿರಿ. ಚಹಾ ಕುಡಿದು, ಎದ್ದು, ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ, ಕೇಳಲೋ ಬೇಡವೋ ಎಂಬಂತೆ ಕೇಳಿದಿರಿ.

"ಬಾಯಮ್ಮ, ಆ ಕಾಗದದ್ದು ಒಂದು ಕಾಪಿ ನಿಮ್ಮ ಹತ್ರ ಇರಬಹುದಾ? ಸಫಿಯಾ ಈಗ ಲಾ ಓದ್ತಾ ಇದ್ದಾಳೆ. ಮನೆಯಲ್ಲಿ ನಾನು ಇಲ್ಲದೆಯೇ ದೊಡ್ಡವಳಾದಳು ಅವಳು. ಅಪ್ಪ ಇಷ್ಟು ವರ್ಷ ಗಲ್ಫಲ್ಲಿ ಎಂತ ಮಾಡಿದ ಅಂತ ಕೇಳಿದ್ರೆ ತೋರಿಸ್ಲಿಕ್ಕೆ ನನ್ನ ಹತ್ರ ಅದೊಂದೇ ಇರುವುದು."

ಹುಡುಕಿ ನೋಡುತ್ತೇನೆ ಎಂದೆ. ಹುಡುಕುವುದು ಏನು ಬಂತು? ಕಂಪೆನಿ ಮುಚ್ಚಿದ ದಿನ ನಾನು ಮನೆಗೆ ತಂದುಕೊಂಡದ್ದು ಅದೊಂದೇ ಫೈಲು. ಬೀರುವಿನಲ್ಲಿ, ನನ್ನ ಮದುವೆಯ ಸೀರೆಯ ಅಡಿಯಲ್ಲಿ ಇತ್ತು. ನೀವು ಲಿಫ್ಟಿಗೆ ಕಾಯುತ್ತಾ ನಿಂತಿದ್ದಿರಿ, ನಾನು ಬಾಗಿಲು ಹಾಕಿದೆ. ಮತ್ತೊಂದು ಸುಳ್ಳು, ಅದೂ ನಿಮ್ಮ ಬೆನ್ನು ತಿರುಗುವ ಮೊದಲೇ.

ಆ ವಿಲ್ಲಾದಲ್ಲಿ ಈಗ ಕಾಫಿ ಅಂಗಡಿ ಆಗಿದೆ, ನನ್ನ ಮೇಜಿದ್ದ ಕಿಟಕಿಯಲ್ಲಿ ಹೂಕುಂಡ ಇಟ್ಟಿದ್ದಾರೆ. ಕರ್ನಲ್ ಎಲ್ಲಿದ್ದಾನೋ ಗೊತ್ತಿಲ್ಲ. ಮಂತ್ರಿ ಈಗಲೂ ಟೀವಿಯಲ್ಲಿ ಬಂದು ತನ್ನ ಜನರ ಮಾನದ ಬಗ್ಗೆ ಮಾತಾಡುತ್ತಾನೆ. ಅವನನ್ನು ಕಂಡರೆ ಅಸಹ್ಯವಾಗುತ್ತದೆ ಎನ್ನಲು ಹೊರಡುತ್ತೇನೆ, ಅಷ್ಟರಲ್ಲಿ ನನ್ನ ಬೆರಳು ನೆನಪಾಗುತ್ತದೆ. ಆ ಸಾಲಿನ ಮೇಲೆ ಇಟ್ಟ ಬೆರಳು. ಅದೇ ಬೆರಳುಗಳಲ್ಲಿ ಇದನ್ನು ಬರೆಯುತ್ತಿದ್ದೇನೆ.

ನಿನ್ನೆ ಗಂಡನಿಗೆ ಎಲ್ಲವನ್ನೂ ಹೇಳಿದೆ. ಅವರು ಊಟಕ್ಕೂ ಏಳಲಿಲ್ಲ. ಫೈಲಿನಲ್ಲಿ ಆ ಹೆಂಗಸಿನ ಹೆಸರು, ವಿಳಾಸ ಇದೆ. ಅವಳು ಅಲ್ಲಿ ಇದ್ದಾಳೋ ಇಲ್ಲವೋ, ಬದುಕಿದ್ದಾಳೋ ಇಲ್ಲವೋ ಗೊತ್ತಿಲ್ಲ. ಅವಳಿಗೂ ಒಂದು ಪತ್ರ ಬರೆದಿದ್ದೇನೆ. ಹೂರಾದಲ್ಲಿ ಅರಬಿಗೆ ಅನುವಾದ ಮಾಡಿಸಿ, ಇನ್ನೊಬ್ಬರ ಕೈಯಲ್ಲಿ ಓದಿಸಿ ನೋಡಿ ಕಳಿಸುತ್ತೇನೆ. ಕಾರು ನಿಂತಿತ್ತು, ಸಾಕ್ಷಿ ಹಾಗೆಯೇ ಹೇಳಿದ್ದ, ಬದಲಾಯಿಸಿದವಳು ನಾನು ಎಂದು ಹೆಸರು, ಊರು ಹಾಕಿ ಬರೆದಿದ್ದೇನೆ. ಉತ್ತರ ಬಂದರೆ ಬರುತ್ತದೆ. ಪೊಲೀಸರು ಬಂದರೆ ಬರಲಿ. ನನ್ನನ್ನು ಕ್ಷಮಿಸಿ ಎಂದು ಅವಳನ್ನೂ ಕೇಳಿಲ್ಲ, ನಿಮ್ಮನ್ನೂ ಕೇಳುವುದಿಲ್ಲ.

ನೀವು ಕೇಳಿದ ಕಾಪಿ ಇದರೊಂದಿಗೆ ಇದೆ. ಸಫಿಯಾಳ ಕೈಯಲ್ಲಿ ಕೊಟ್ಟು ಜೋರಾಗಿ ಓದಿಸಿ, ಒಂದೊಂದೇ ಸಾಲಿಗೆ ಅರ್ಥ ಹೇಳಿಸಿ. ಅಪ್ಪನ ಮುಖ ನೋಡಿ ಅವಳು ನಡುವೆ ನಿಲ್ಲಿಸಬಹುದು, ನಿಲ್ಲಿಸಲು ಬಿಡಬೇಡಿ. ಕೊನೆಯಲ್ಲಿ ಬಲಗಡೆ ನಿಮ್ಮ ಕನ್ನಡದ ಸಹಿ ಇದೆ. ಎಡಗಡೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿದೆ — ಸಾಕ್ಷಿಗೆ ಅವನ ಸ್ವಂತ ಭಾಷೆಯಲ್ಲಿ ಓದಿ ಹೇಳಲಾಗಿದೆ. ಅದರ ಕೆಳಗಿರುವ ಸಹಿ ನನ್ನದು.