ಒಂದರ ಬೆನ್ನಿಗೆ ಹತ್ತು

ಸುರಪುರದ ನಮ್ಮ ಓಣಿಯಲ್ಲಿ ಚಿಗವ್ವ ಹಾಡದೆ ಯಾರ ಮನೆಯ ಮದುವೆಯೂ ಮುಗಿಯುತ್ತಿರಲಿಲ್ಲ. ಆಕೆಯ ಗಂಡ, ನಮ್ಮ ಕಾಕಾ, ತೀರಿಕೊಂಡ ಮೇಲೆ ಅದೇ ಓಣಿಯ ಹೆಂಗಸರು ಆಕೆಯನ್ನು ಹಂದರದ ಹತ್ತಿರವೂ ಸೇರಿಸಲಿಲ್ಲ. ಉಂಡು ಹೋಗು ಅಂತ ಹಿತ್ತಲ ಬಾಗಿಲಿಗೆ ಕರೆಯುತ್ತಿದ್ದರು, ಪುಣ್ಯಾತಗಿತ್ತಿಯರು.

ಆಮೇಲೆ ಆಕೆಯ ಮಗಳದೇ ಮದುವೆ ಶಹಾಪುರದ ಒಂದು ಕಲ್ಯಾಣ ಮಂಟಪದಲ್ಲಿ ನಿಶ್ಚಯವಾಯಿತು. ಬೀಗರು ಬಾಯಿ ತೆರೆಯುವ ಮೊದಲೇ ಚಿಗವ್ವ, ತಾನು ಅಡುಗೆ ಕೋಣೆ ಬಿಟ್ಟು ಹೊರಗೆ ಬರುವುದಿಲ್ಲ ಎಂದು ಒಪ್ಪಿಕೊಂಡಳು. ನನ್ನನ್ನು ಕೂರಿಸಿಕೊಂಡು ಕೇಳಿದ್ದು ಇಷ್ಟೇ:

"ನಾ ಬರಂಗಿಲ್ಲಪಾ. ನನ್ನ ದನಿಯರೆ ಬರ್ಲಿ. ಕೂಸಿನ್ನ ಒಪ್ಪಿಸೋ ಹಾಡು ನಂದೇ ಇರ್ಲಿ."

ಬಾಗಿಲು ಹಾಕಿಕೊಂಡು ಫೋನಿನಲ್ಲಿ ಹತ್ತು ಹಾಡು ರೆಕಾರ್ಡ್ ಮಾಡಿದೆವು. ಅರಿಷಿಣದ ಹಾಡು ಮೊದಲು, ಹೆಣ್ಣು ಒಪ್ಪಿಸುವ ಹಾಡು ಕಡೆಗೆ. ಫೈಲುಗಳಿಗೆ ಒಂದರಿಂದ ಹತ್ತರ ತನಕ ನಂಬರ್ ಕೊಟ್ಟು ನನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡೆ.

ಅರಿಷಿಣ ಹಚ್ಚುವಾಗ ಲ್ಯಾಪ್‌ಟಾಪನ್ನು ಮಂಟಪದ ಸ್ಪೀಕರಿಗೆ ಜೋಡಿಸಿದೆ. ಮೊದಲ ಹಾಡಿಗೇ ಮಂಟಪ ಸುಮ್ಮನಾಯಿತು. ವರನ ಸೋದರತ್ತೆ, ಮೈತುಂಬ ಬಂಗಾರ ಹೇರಿಕೊಂಡಾಕೆ, ನನ್ನ ಬಳಿ ಬಂದು ಎಂಥಾ ದನಿ, ನನ್ನ ಫೋನಿಗೂ ಹಾಕಿಕೊಡು ಎಂದಳು. ಅಷ್ಟರಲ್ಲಿ ಲ್ಯಾಪ್‌ಟಾಪಿನ ಆ ಹಾಳಾದ ಪ್ಲೇಯರ್ ಒಂದರ ಬೆನ್ನಿಗೆ ಹತ್ತನ್ನು ಎತ್ತಿಕೊಂಡಿತು. ಮದುಮಗಳ ಕೆನ್ನೆಯ ಅರಿಷಿಣ ಇನ್ನೂ ಹಸಿ, ಸ್ಪೀಕರಿನಲ್ಲಿ ಆಕೆಯನ್ನು ಒಪ್ಪಿಸಿಕೊಡುವ ಹಾಡು. ಜನ ನಕ್ಕರು. ಸೋದರತ್ತೆಯೂ ನಕ್ಕಳು, ಹೆಣ್ಣಿನವರಿಗೆ ಭಾಳ ಅವಸರ ಎಂದು ಚಾಷ್ಟಿ ಮಾಡಿದಳು. ನಾನು ಹಾಡು ನಿಲ್ಲಿಸಿ ನೋಡಿದೆ. ಆ ಪ್ಲೇಯರಿಗೆ ಎಣಿಕೆ ಬರುವುದಿಲ್ಲ. ಹೆಸರಿನ ಮೊದಲ ಅಂಕಿ ನೋಡುತ್ತದೆ, ಹತ್ತೂ ಒಂದರಿಂದಲೇ ಶುರುವಾಗುವುದರಿಂದ ಅದನ್ನು ಎರಡರ ಮೊದಲೇ ತಂದು ನಿಲ್ಲಿಸುತ್ತದೆ. ಒಂಬತ್ತರ ತನಕದ ನಂಬರುಗಳಿಗೆ ಮೊದಲಿಗೊಂದು ಸೊನ್ನೆ ಸೇರಿಸಿದರೆ ಸಾಲು ಸರಿಯಾಗುತ್ತದೆ. ಸೇರಿಸುತ್ತ ಕೂತೆ.

ಆಗ ನಮ್ಮವರೇ ಯಾರೋ, ಬಾಯಿ ಸುಮ್ಮನಿರದೆ, ಹಾಡಿದಾಕೆ ಹುಡುಗಿಯ ಅವ್ವ ಎಂದುಬಿಟ್ಟರು.

ಸೋದರತ್ತೆಯ ನಗು ಅಲ್ಲೇ ನಿಂತಿತು. "ಗಂಡನ್ನ ಕಳಕೊಂಡಾಕಿ ಬಾಯಾಗಿಂದ ಅರಿಷಿಣದಾಗ ಒಪ್ಪಿಸೋ ಹಾಡು ಬಂದದ. ಅಪಶಕುನ ಅಲ್ಲೇನು? ಬಂದ್ ಮಾಡ್ರಿ ಅದನ್ನ."

ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದೆ. ತಪ್ಪು ಫೈಲಿನದು, ಬಾಯಿಯದಲ್ಲ, ಈಗ ಸಾಲು ಸರಿಯಾಗಿದೆ ಎಂದೆ. ಆಕೆ ಅತ್ತ ನೋಡಲೂ ಇಲ್ಲ. ಅರಿಷಿಣದ ಬಟ್ಟಲು ಚೆಲ್ಲಿಸಿ ಹೊಸದಾಗಿ ಕಲಸಿಸಿದಳು, ಮದುಮಗಳ ಮುಖ ತೊಳೆಸಿದಳು. ಹೆತ್ತವಳ ದನಿ ತಾಗಿದ್ದನ್ನು ತೊಳೆದರು. ನಾನು ಆಕೆಯ ಕಡೆ ಹೊರಟೆ. ನಮ್ಮ ಕಡೆಯ ಹಿರಿಯರು ನನ್ನ ರಟ್ಟೆ ಹಿಡಿದು, ಮದುವೆ ಕೆಡಿಸಬೇಡ, ಸುಮ್ಮನಿರು ಎಂದರು.

ಒಪ್ಪಿಸುವ ಹೊತ್ತಿಗೆ ಯಾವುದೋ ಸಿನಿಮಾ ಹಾಡು ಹಚ್ಚಿದರು. ಹುಡುಗಿ ಅಡುಗೆ ಕೋಣೆಯ ಕಡೆ ತಿರುಗಿದಳು. ಹೊತ್ತಾಯಿತೆಂದು ಗಾಡಿ ಹತ್ತಿಸಿದರು.

ಮಂಟಪ ಖಾಲಿಯಾದ ಮೇಲೆ ಲ್ಯಾಪ್‌ಟಾಪ್ ಎತ್ತಿಕೊಂಡು ಅಡುಗೆ ಕೋಣೆಗೆ ಹೋದೆ. ಚಿಗವ್ವ ಮುಸುರೆ ಪಾತ್ರೆಗಳ ನಡುವೆ ಕೂತಿದ್ದಳು. ಹೊರಗಿನದೆಲ್ಲ ಕೇಳಿಸಿಕೊಂಡಿದ್ದಾಕೆ, ಸಾಲು ಸರಿಯಾಯಿತೇ ಎಂದು ಕೇಳಿದಳು. ಆಯಿತು ಎಂದೆ. ಹಾಗಾದರೆ ಹಚ್ಚು ಎಂದಳು.

ಪಾತ್ರೆ ತಿಕ್ಕುತ್ತ ಮೊದಲಿನಿಂದ ಕೇಳಿದಳು. ಹಾಡುಗಳು ಒಂದಾದ ಮೇಲೊಂದು ಬಂದವು. ಒಪ್ಪಿಸುವ ಹಾಡು ಕಟ್ಟಕಡೆಗೆ ಬಂತು.

"ಈಗ ಬರೋಬ್ಬರಿ ಬಂತು ನೋಡು," ಎಂದು ಮತ್ತೊಂದು ಪಾತ್ರೆ ಎಳೆದುಕೊಂಡಳು.