ಬಸ್ಸಿಗೆ ಕಾಯದ ಮೋನಮ್ಮ

ನಮ್ಮ ಶಹಾಪುರದಲ್ಲಿ ಮೋನಮ್ಮ ಹೊಲಿದ ಕೌದಿ ಹೊದೆಯದ ಮನೆ ಕಡಿಮೆ. ಹಳೆ ಸೀರೆ, ಧೋತರ ಕೊಟ್ಟು ಪಡಸಾಲೆಯಲ್ಲಿ ಜಾಗ ಬಿಟ್ಟರೆ ಸಾಕು, ಹಗಲೆಲ್ಲ ಕೂತು ಹೊಲಿದು ಮೂಲೆಗೆ ಕೆಂಪು ತುಂಡು ಹಚ್ಚಿ ಕೊಡುತ್ತಾಳೆ. ನನ್ನ ಮಗಳಿಗೆ ಮೊದಲು ಹೊದಿಸಿದ್ದೂ ಅವಳದೇ ಕೌದಿ. ಊರಿಗೆಲ್ಲ ಹಾಸಿಗೆ ಹೊಲಿದವಳು ತಾನೆಲ್ಲಿ ಮಲಗುತ್ತಾಳೆ ಎಂದು ಮಾತ್ರ ಈ ಪುಣ್ಯಾತ್ಮರು ಯಾರೂ ಕೇಳಲಿಲ್ಲ.

ಗಂಡ ತೀರಿದ ಮೇಲೆ ಬಾಡಿಗೆ ಮನೆ ಹೋಯಿತು. ಅಂದಿನಿಂದ ರಾತ್ರಿ ಕಳೆಯುವುದು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ. ಆದರೆ ಮಲಗುವುದಿಲ್ಲ, ಕೂಡುತ್ತಾಳೆ. ತಲೆ ಮೇಲೆ ಸೆರಗು, ತೊಡೆ ಮೇಲೆ ಗಂಟು, ಥೇಟು ಸುರಪುರದ ಬಸ್ಸಿಗೆ ಕಾಯುವವರ ಹಾಗೆ. ಕೂತಲ್ಲೇ ತೂಕಡಿಕೆ. ಬಯಲಲ್ಲಿ ಮಲಗಿದ ಹೆಂಗಸಿಗೆ ಹೋಗುವವರು ಬರುವವರೆಲ್ಲ ಒಂದು ಮಾತು ಆಡುತ್ತಾರೆ. ಬಸ್ಸಿಗೆ ಕಾಯುವವಳಿಗೆ ಯಾರೂ ಏನೂ ಅನ್ನುವುದಿಲ್ಲ. ಆಮೇಲೆ ಮನೆ ಇಲ್ಲದೆ ಅದೇ ಬೆಂಚಿಗೆ ಬಂದ ಅನ್ನಮ್ಮ, ಗೊಲ್ಲಾಳಮ್ಮ ಇಬ್ಬರಿಗೂ ಹೀಗೆ ಕೂಡುವುದನ್ನು ಕಲಿಸಿದವಳು ಅವಳೇ.

ಹೋದ ಚಳಿಗಾಲದಲ್ಲಿ ಬಯಲಲ್ಲಿ ಮಲಗುವವರನ್ನು ಎಣಿಸುವ ಕೆಲಸ ನಮ್ಮಂಥ ಟೀಚರುಗಳ ಕೊರಳಿಗೆ ಬಿತ್ತು. ಆ ಎಣಿಕೆ ನೋಡಿ ಗಂಡಸರಿಗೆ, ಹೆಂಗಸರಿಗೆ ರಾತ್ರಿ ತಂಗಲು ಬೇರೆ ಬೇರೆ ಖೋಲಿ ಕೊಡುತ್ತಾರಂತೆ. ನನ್ನ ಜೊತೆ ಬಂದ ಮೇಲ್ವಿಚಾರಕ ನೀಲಕಂಠ ನಿಯಮ ಬಿಟ್ಟು ಕದಲುವ ಆಸಾಮಿಯಲ್ಲ. ಹಾಸಿಕೊಂಡು ಮಲಗಿದವರು ಲೆಕ್ಕಕ್ಕೆ, ಕೂತವರು ಪ್ರಯಾಣಿಕರು. ಸ್ಟ್ಯಾಂಡ್ ತುಂಬ ಗಂಡಸರು ಮಲಗಿದ್ದರು, ಬರೆದುಕೊಂಡೆವು. ಹೆಂಗಸರು ಒಬ್ಬರೂ ಇಲ್ಲ.

"ಹೆಣ್ಮಕ್ಕಳೇ ಇಲ್ಲಂದ ಮ್ಯಾಲ ಅವರಿಗಿ ಖೋಲಿ ಯಾಕ್ರಿ ಮೇಡಂ?" ಅಂದ.

ನನಗೆ ಮೈಯೆಲ್ಲ ಉರಿಯಿತು. ನೆಟ್ಟಗೆ ಆ ಬೆಂಚಿನ ಹತ್ತಿರ ಹೋದೆ.

"ಯವ್ವಾ, ಇವತ್ತ ನೀವು ಕುಂತ್ರ ಲೆಕ್ಕಕ್ಕ ಬರಂಗಿಲ್ಲ. ಹೆಣ್ಮಕ್ಕಳಿಗಿ ಖೋಲಿ ಸಿಗಂಗಿಲ್ಲ."

"ಅಂದ್ರ ಮಂದಿ ಎದುರಿಗಿ ಮಲಗಬೇಕೇನವ್ವ ತಂಗಿ?" ಅಂದಳು ಮೋನಮ್ಮ.

ಇಷ್ಟು ವರ್ಷ ಕೂತು ಕಾಪಾಡಿಕೊಂಡ ಮಾನ ಅದು. ಅವಳು ಪಕ್ಕದ ಅನ್ನಮ್ಮನ ಕಾಲು ನೋಡಿದಳು. ಕೂತು ಕೂತು ಬಾತುಹೋಗಿದ್ದವು. ಎದ್ದಳು, ಗಂಟು ಬಿಚ್ಚಿದಳು. ಒಳಗಿದ್ದದ್ದು ತನಗೆಂದೇ ಹೊಲಿದು ಒಂದು ದಿನವೂ ಹಾಸದ ಕೌದಿ. ದೀಪದ ಬೆಳಕಿನಲ್ಲೇ ಅದನ್ನು ಝಾಡಿಸಿ ಹಾಸಿ, ಕಾಲು ಚಾಚಿ ಮಲಗಿದಳು. ಅವಳ ಪಕ್ಕಕ್ಕೆ ಅನ್ನಮ್ಮ, ಆಮೇಲೆ ಗೊಲ್ಲಾಳಮ್ಮ.

ಪಟ್ಟಿ ಹಿಡಿದು ಹತ್ತಿರ ಬಂದ ನೀಲಕಂಠ ಮೆತ್ತಗಾದ. "ಎಲ್ಲಿಗಿ ಹೊಂಟಿದ್ರಿ ಯವ್ವಾ?"

"ಎಲ್ಲಿಗೂ ಇಲ್ಲೋ ಯಪ್ಪಾ. ಮೋನಮ್ಮ, ಕೌದಿ ಹೊಲಿಯಾಕಿ, ಇದೇ ಊರಾಕಿ. ನಾ ಬಸ್ಸಿಗಿ ಕಾಯಾಕತ್ತಿಲ್ಲ. ಹಂಗೇ ಬರ್ಕೋ."

ಆಹಾ, ಆಡಿದರೆ ಹಾಗೆ ಆಡಬೇಕು! ನನ್ನ ಎದೆ ಉಬ್ಬಿತು.

ಯುಗಾದಿಗೆ ಮುಂಚೆ ಹೆಂಗಸರ ಖೋಲಿ ತೆರೆಯಿತು. ಮರುದಿನ ಶಾಲೆಗೆ ಹೋಗುವಾಗ ಇಣುಕಿದೆ. ಬಿಸಿಲು ಒಳಗೆಲ್ಲ ಬಿದ್ದಿತ್ತು. ಮೋನಮ್ಮ ಅದೇ ಕೌದಿಯ ಮೇಲೆ ಅಂಗಾತ ಮಲಗಿ ಗೊರಕೆ ಹೊಡೆಯುತ್ತಿದ್ದಳು. ಬಾಗಿಲಲ್ಲಿ ಕೂತಿದ್ದ ಅನ್ನಮ್ಮ ನನಗೆ ಕೈ ಅಡ್ಡ ಮಾಡಿದಳು.

"ಎಬ್ಬಸಬ್ಯಾಡ್ರಿ ಟೀಚರ್. ಆಕಿ ಮಲಗ್ಯಾಳ."